ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ

ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ ಎಂಬುದು ಮದ್ಯವ್ಯಸನದಿಂದ ಬಿಡುಗಡೆ ಬಯಸುವವರು ಒಂದೆಡೆ ಸೇರಿ, ಕುಡಿತದ ಬಗ್ಗೆ ಮತ್ತು ಕುಡಿತ ಬಿಟ್ಟು ಬದುಕುವ ಬಗ್ಗೆ ತಮ್ಮ ಅನುಭವಗಳನ್ನು ಪರಸ್ಪರ ಹೇಳಿಕೊಳ್ಳುವ ಕೂಟ. ಸಂಕ್ಷಿಪ್ತವಾಗಿ ಇದನ್ನು ಎ.ಎ. ಸಭೆ ಎನ್ನುತ್ತಾರೆ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ನಡೆಯುವ ಈ ಸಭೆಯಲ್ಲಿ ಚಿಕಿತ್ಸೆ ನೀಡುವ ವೈದ್ಯರಾಗಲಿ, ಉಪನ್ಯಾಸಕರಾಗಲಿ ಇರುವುದಿಲ್ಲ. ಪ್ರವೇಶ ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿತವನ್ನು ನಿಲ್ಲಿಸಬೇಕೆಂಬ ಬಯಕೆಯೊಂದೇ ಸದಸ್ಯತ್ವಕ್ಕೆ ಬೇಕಾದ ಅರ್ಹತೆ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ಇಬ್ಬರಿಂದ ಆರಂಭವಾದ ಈ ಒಕ್ಕೂಟವು ಇಂದು ಸುಮಾರು 180 ದೇಶಗಳಲ್ಲಿ ಹರಡಿಕೊಂಡಿದ್ದು, 20 ಲಕ್ಷಕ್ಕೂ ಹೆಚ್ಚು ಸದಸ್ಯರನ್ನು ಹೊಂದಿದೆ ಎಂಬುದು ಸಂಸ್ಥೆಯ ಸ್ವಂತ ಅಂದಾಜು.

ಮೊದಲ ಸಭೆಗೆ ಹೋಗುವ ಮುನ್ನ ಹೆಚ್ಚಿನವರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಹಿಂಜರಿಯುತ್ತಾರೆ. ಗುರುತಿನವರು ನೋಡಿಬಿಡುವರೆಂಬ ಅಂಜಿಕೆ, ಮಾತನಾಡಲೇಬೇಕಾಗುವುದೆಂಬ ಸಂಕೋಚ, ಉಪದೇಶ ಕೇಳಬೇಕಾದೀತೆಂಬ ಬೇಸರ, ಹಣ ಕೇಳುವರೆಂಬ ಶಂಕೆ, ಯಾವುದೋ ಮತಕ್ಕೆ ಎಳೆದುಕೊಳ್ಳುವರೆಂಬ ಅನುಮಾನ ಇವೆಲ್ಲ ಇದಕ್ಕೆ ಕಾರಣ. ಎ.ಎ. ಸಭೆಯ ನಡಾವಳಿಯಲ್ಲಿ ಹೊರಗಿನವರಿಗೆ ವಿಚಿತ್ರವಾಗಿ ತೋರುವ ಹಲವು ಪದ್ಧತಿಗಳು ಇಂಥ ಅಂಜಿಕೆಗಳಿಗೆ ಉತ್ತರ ಕೊಡುವಂತಿವೆ.

ಹಿನ್ನೆಲೆ

ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಅವರು 1934ರ ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿ ಕುಡಿತ ಬಿಟ್ಟಿದ್ದರು. 1935ರ ಮೇ ತಿಂಗಳಲ್ಲಿ ಆಕ್ರನ್‌ಗೆ ಬಂದಿದ್ದಾಗ ಕೈಹಾಕಿದ ವ್ಯವಹಾರ ಮುರಿದುಬಿದ್ದು, ಅಪರಿಚಿತ ಊರಿನ ಹೋಟೆಲಿನಲ್ಲಿ ಒಂಟಿಯಾಗಿ ನಿಂತರು. ಒಂದು ಬದಿಯಲ್ಲಿ ಬಾರ್, ಇನ್ನೊಂದು ಬದಿಯಲ್ಲಿ ದೂರವಾಣಿ. ತನ್ನಂತೆಯೇ ಕುಡಿತದಿಂದ ನರಳುತ್ತಿರುವ ಇನ್ನೊಬ್ಬನೊಡನೆ ಮಾತನಾಡಿದರೆ ಮಾತ್ರ ತಾನು ಕುಡಿಯದೆ ಉಳಿದೇನು ಎಂದು ಅವರಿಗೆ ತೋರಿತು. ಸ್ಥಳೀಯ ಪಾದ್ರಿಯೊಬ್ಬರಿಗೆ ಕರೆಮಾಡಿ, ಅವರ ಮೂಲಕ ಹೆನ್ರಿಯೆಟ್ಟಾ ಸೀಬರ್ಲಿಂಗ್ ಎಂಬ ಮಹಿಳೆಯನ್ನು ಸಂಪರ್ಕಿಸಿದರು. ಆಕೆ ತನ್ನ ಮನೆಯಲ್ಲಿ ಊರಿನ ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್ ಅವರೊಡನೆ ಭೇಟಿ ಏರ್ಪಡಿಸಿದರು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂದು ಷರತ್ತು ಹಾಕಿ ಬಂದಿದ್ದ ವೈದ್ಯರು ರಾತ್ರಿಯವರೆಗೆ ಮಾತನಾಡುತ್ತ ಕುಳಿತರು. ಅದುವರೆಗೆ ಅವರಿಗೆ ಬುದ್ಧಿ ಹೇಳಿದವರು ಬಹಳ ಮಂದಿ ಇದ್ದರು. ಆದರೆ ತನ್ನ ಕಥೆಯನ್ನೇ ಹೇಳಿಕೊಂಡು, ತನಗಾಗಿ ಸಹಾಯ ಬೇಡಿಬಂದ ಕುಡುಕನನ್ನು ಅವರು ಕಂಡಿದ್ದು ಅದೇ ಮೊದಲು. ಡಾ. ಸ್ಮಿತ್ ಕೊನೆಯ ಬಾರಿ ಕುಡಿದ ದಿನವೆಂದು ಪರಿಗಣಿಸಲಾಗಿರುವ 1935ರ ಜೂನ್ 10ನ್ನು ಎ.ಎ. ತನ್ನ ಸ್ಥಾಪನಾ ದಿನವಾಗಿ ಆಚರಿಸುತ್ತದೆ. ಇವರಿಬ್ಬರೂ ಒಕ್ಕೂಟದೊಳಗೆ ಬಿಲ್ ಡಬ್ಲ್ಯು. ಮತ್ತು ಡಾ. ಬಾಬ್ ಎಂಬ ಅರೆಹೆಸರುಗಳಿಂದಲೇ ಪರಿಚಿತರು.

ಇಂದಿನ ಸಭೆಯ ತಿರುಳೆಲ್ಲ ಆ ಮಾತುಕತೆಯಲ್ಲಿಯೇ ಇತ್ತು. ಮಾತನಾಡುವವನು ಕೇಳುವವನನ್ನು ಉದ್ಧರಿಸಲು ಮಾತನಾಡುತ್ತಿಲ್ಲ, ತಾನು ಆ ದಿನ ಕುಡಿಯದಿರಲು ಮಾತನಾಡುತ್ತಿದ್ದಾನೆ. ಹೀಗಾಗಿ ಹೊಸದಾಗಿ ಬಂದವರು ಸಭೆಗೆ ಹೊರೆಯಾಗುವುದಿಲ್ಲ. ಹಳೆಯ ಸದಸ್ಯರಿಗೆ ಅವರ ಅಗತ್ಯವಿರುತ್ತದೆ. ಸಭೆಯ ಬಾಗಿಲಲ್ಲಿ ನಿಂತು ಒಳಹೋಗಲೋ ಬೇಡವೋ ಎಂದು ತೂಗಾಡುವವರಿಗೆ ಸಾಮಾನ್ಯವಾಗಿ ತಿಳಿಯದ ಸಂಗತಿಯಿದು.

ಮೊದಲ ವರ್ಷಗಳಲ್ಲಿ ಈ ಗುಂಪು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಸುಧಾರಣಾ ಚಳವಳಿಯ ಆಶ್ರಯದಲ್ಲಿತ್ತು. 1939ರಲ್ಲಿ ಪ್ರಕಟವಾದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಎಂಬ ಗ್ರಂಥವು ಹನ್ನೆರಡು ಹೆಜ್ಜೆಗಳನ್ನು ಮುಂದಿಟ್ಟಿತು. ಒಕ್ಕೂಟಕ್ಕೆ ಹೆಸರು ಬಂದದ್ದೂ ಆ ಗ್ರಂಥದಿಂದಲೇ. 1941ರ ಮಾರ್ಚ್‌ನಲ್ಲಿ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಜ್ಯಾಕ್ ಅಲೆಕ್ಸಾಂಡರ್ ಬರೆದ ಲೇಖನದ ನಂತರ, ಸುಮಾರು 2,000ದಷ್ಟಿದ್ದ ಸದಸ್ಯರ ಸಂಖ್ಯೆ ಅದೇ ವರ್ಷದ ಕೊನೆಗೆ 8,000ಕ್ಕೆ ಏರಿತು. ಗುಂಪುಗಳು ಹೇಗೆ ನಡೆಯಬೇಕೆಂಬುದನ್ನು ಹೇಳುವ ಹನ್ನೆರಡು ಸಂಪ್ರದಾಯಗಳನ್ನು 1950ರಲ್ಲಿ ಕ್ಲೀವ್‌ಲ್ಯಾಂಡ್ ಸಮಾವೇಶ ಅಂಗೀಕರಿಸಿತು. ಭಾರತದಲ್ಲಿ ಎ.ಎ. 1957ರಲ್ಲಿ ಆರಂಭವಾಯಿತು. ಭಾರತದ ಸಾಮಾನ್ಯ ಸೇವಾ ಕಚೇರಿ ಮುಂಬಯಿಯಲ್ಲಿದೆ.

ಸಭೆಗೆ ಮುನ್ನ: ವೈದ್ಯಕೀಯ ಎಚ್ಚರಿಕೆ

ಸಭೆಗೆ ಹೋಗುವ ಉತ್ಸಾಹದಲ್ಲಿ, ಅಥವಾ ಹೋಗಿಬಂದ ರಾತ್ರಿಯೇ, ಕುಡಿತವನ್ನು ಒಮ್ಮೆಲೇ ನಿಲ್ಲಿಸಿಬಿಡುವುದು ಎಲ್ಲರಿಗೂ ಸುರಕ್ಷಿತವಲ್ಲ. ವರ್ಷಗಟ್ಟಲೆ ಪ್ರತಿದಿನ ಹೆಚ್ಚು ಪ್ರಮಾಣದಲ್ಲಿ ಕುಡಿದ ದೇಹದಲ್ಲಿ ಮೆದುಳು ಮದ್ಯದ ಮಂದಗೊಳಿಸುವ ಪರಿಣಾಮಕ್ಕೆ ಹೊಂದಿಕೊಂಡಿರುತ್ತದೆ. ಮದ್ಯ ಹಠಾತ್ತನೆ ನಿಂತಾಗ ಆ ತಡೆ ಕಳಚಿ, ನರಮಂಡಲ ಅತಿಯಾಗಿ ಕೆರಳುತ್ತದೆ. ಕೊನೆಯ ಬಾರಿ ಕುಡಿದ 6ರಿಂದ 24 ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ಎದೆಬಡಿತ, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಡೆಲಿರಿಯಮ್ ಟ್ರೆಮೆನ್ಸ್ ಎಂಬ ಸನ್ನಿಯ ಸ್ಥಿತಿ ತಲೆದೋರಬಹುದು. ಇದರಲ್ಲಿ ದಿಕ್ಕುತಪ್ಪಿದ ಮಾತು, ಇಲ್ಲದ ವಸ್ತುಗಳು ಕಾಣುವುದು, ಜ್ವರ, ತೀವ್ರ ಕಳವಳ ಇರುತ್ತವೆ. ಚಿಕಿತ್ಸೆ ದೊರೆಯದಿದ್ದರೆ ಇದು ಪ್ರಾಣಾಂತಿಕವಾಗಬಲ್ಲದು. ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕಿದ್ದೆಂದು ಭಾವಿಸಿ ಅಮೂಲ್ಯವಾದ ಗಂಟೆಗಳನ್ನು ಕಳೆಯುವುದುಂಟು.

ಬೆಳಗ್ಗೆ ಎದ್ದೊಡನೆ ನಡುಕ ನಿಲ್ಲಿಸಲು ಕುಡಿಯಬೇಕಾಗುವವರು, ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಅಥವಾ ಸನ್ನಿ ಬಂದಿದ್ದವರು ಮೊದಲು ವೈದ್ಯರನ್ನು ಕಾಣಬೇಕು. ಸಾಮಾನ್ಯವಾಗಿ ಕೆಲವು ದಿನಗಳ ಕಾಲ ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಔಷಧಗಳನ್ನು ಕ್ರಮೇಣ ಇಳಿಸುತ್ತ ಕೊಡುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ಜೀವಸತ್ವವನ್ನು ನೀಡುತ್ತಾರೆ. ಅದರ ಕೊರತೆಯಿಂದ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಆ ದಿನಗಳಲ್ಲೂ ಸಭೆಗೆ ಹೋಗಲು ಅಡ್ಡಿಯಿಲ್ಲ. ಸಭೆ ಮತ್ತು ಚಿಕಿತ್ಸೆ ಒಂದಕ್ಕೊಂದು ಬದಲಿಯಲ್ಲ.

ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡುವ, ಕುಡಿತ ಬಿಡಿಸುವುದೆಂದು ಜಾಹೀರಾತಾಗುವ ಪುಡಿಗಳ ಬಗ್ಗೆಯೂ ಇಲ್ಲಿ ಹೇಳಬೇಕಾಗುತ್ತದೆ. ಡೈಸಲ್ಫಿರಾಮ್ ಎಂಬ ಔಷಧ ದೇಹದಲ್ಲಿರುವಾಗ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆಯುಳ್ಳವರಿಗೆ ಇದು ಮಾರಕವಾಗಬಹುದು. ವೈದ್ಯರು ಇದನ್ನು ರೋಗಿಗೆ ವಿವರಿಸಿ, ಒಪ್ಪಿಗೆ ಪಡೆದು, ತಪಾಸಣೆ ಮಾಡಿ ಕೊಡುವ ಔಷಧವಾಗಿ ಬಳಸುತ್ತಾರೆ. ಗುಟ್ಟಾಗಿ ಬೆರೆಸಿ ಕೊಡುವುದು ಎಷ್ಟೇ ಪ್ರೀತಿಯಿಂದಾದರೂ ಅಪಾಯಕಾರಿ.

ಸಭೆಯನ್ನು ಹುಡುಕುವುದು

ಎ.ಎ. ಗುಂಪುಗಳು ಜಾಹೀರಾತು ನೀಡಿ ಸದಸ್ಯರನ್ನು ಸೆಳೆಯುವುದಿಲ್ಲ. ಇದು ಅವುಗಳ ಸಂಪ್ರದಾಯಗಳಲ್ಲೊಂದು. ಆದ್ದರಿಂದ ರಸ್ತೆಬದಿಯ ಫಲಕ ನೋಡಿ ಸಭೆಯನ್ನು ಪತ್ತೆಹಚ್ಚುವುದು ಕಷ್ಟ. ಎ.ಎ. ಇಂಡಿಯಾದ ಜಾಲತಾಣದಲ್ಲಿ ಊರು, ದಿನ, ವೇಳೆ, ಭಾಷೆಗಳ ಪ್ರಕಾರ ಸಭೆಗಳ ಪಟ್ಟಿ ಮತ್ತು ಸಹಾಯವಾಣಿಗಳ ವಿವರ ದೊರೆಯುತ್ತವೆ. ಸಹಾಯವಾಣಿಯಲ್ಲಿ ಉತ್ತರಿಸುವವರು ಸಾಮಾನ್ಯವಾಗಿ ಸದಸ್ಯರೇ, ಅಂದರೆ ತಾವೂ ಒಂದು ದಿನ ಅಂಥದೇ ಕರೆ ಮಾಡಿದ್ದವರು. ಕರೆ ಮಾಡುವವರು ಪೂರ್ಣ ಹೆಸರು ಹೇಳಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ, ವ್ಯಸನಮುಕ್ತಿ ಕೇಂದ್ರಗಳಲ್ಲಿ ವಿಚಾರಿಸಿದರೂ ಸಮೀಪದ ಗುಂಪಿನ ಮಾಹಿತಿ ದೊರೆಯಬಹುದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ ಸೇವೆಗಳು. ಇವು ಎ.ಎ.ಗೆ ಸೇರಿದವಲ್ಲ.

ಕರೆ ಮಾಡಿದಾಗ ಕೆಲವು ಸಣ್ಣ ವಿಷಯಗಳನ್ನು ಕೇಳಿಟ್ಟುಕೊಂಡರೆ ಮೊದಲ ದಿನದ ಗೊಂದಲ ಬಹಳ ಕಡಿಮೆಯಾಗುತ್ತದೆ. ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ, ಅದು ಮುಕ್ತ ಸಭೆಯೇ ಅಲ್ಲವೇ, ಕಟ್ಟಡದೊಳಗೆ ಯಾವ ಬಾಗಿಲಿನಿಂದ ಹೋಗಬೇಕು, ಯಾರಾದರೂ ಹೊರಗೆ ಬಂದು ಕರೆದೊಯ್ಯುವರೇ ಎಂಬುವು ಇವುಗಳಲ್ಲಿ ಮುಖ್ಯ. ಕೊನೆಯ ಕೋರಿಕೆಯನ್ನು ಯಾವ ಗುಂಪೂ ವಿಚಿತ್ರವೆಂದು ಭಾವಿಸುವುದಿಲ್ಲ.

ಸಭೆಗಳು ಬಹುವಾಗಿ ಚರ್ಚುಗಳ ಕೊಠಡಿಗಳಲ್ಲಿ, ಶಾಲೆಗಳಲ್ಲಿ, ಸಮುದಾಯ ಭವನಗಳಲ್ಲಿ, ಆಸ್ಪತ್ರೆಗಳಲ್ಲಿ ನಡೆಯುತ್ತವೆ. ಸಂಜೆಯ ಹೊತ್ತು ಕಡಿಮೆ ಬಾಡಿಗೆಗೆ ಖಾಲಿ ಕೊಠಡಿ ಸಿಗುವುದು ಅಲ್ಲಿಯೇ ಎಂಬುದು ಇದಕ್ಕೆ ದೊಡ್ಡ ಕಾರಣ. ಚರ್ಚಿನ ಆವರಣದಲ್ಲಿ ಸಭೆ ಇದ್ದ ಮಾತ್ರಕ್ಕೆ ಅದು ಚರ್ಚಿನ ಸಭೆಯಲ್ಲ. 2020ರ ಸಾಂಕ್ರಾಮಿಕದ ಬಳಿಕ ವಿಡಿಯೊ ಕರೆಯ ಮೂಲಕ ನಡೆಯುವ ಸಭೆಗಳೂ ಹೆಚ್ಚಾಗಿವೆ. ದೂರದ ಊರಿನವರಿಗೂ, ಮನೆಯಿಂದ ಹೊರಬರಲಾಗದವರಿಗೂ ಇವು ಅನುಕೂಲ. ಆದರೆ ಮನೆಯಲ್ಲಿ ಇತರರಿಗೆ ಕೇಳಿಸದಂತೆ ಕುಳಿತು ಮಾತನಾಡಲು ಒಂದು ಕೋಣೆ ಬೇಕಾಗುತ್ತದೆ. ಅದು ಎಲ್ಲರಿಗೂ ಇರುವುದಿಲ್ಲ.

ಸಭೆಯ ಬಗೆಗಳು

ಮುಖ್ಯವಾದ ಭೇದ ಮುಕ್ತ ಸಭೆ ಮತ್ತು ಮುಚ್ಚಿದ ಸಭೆಗಳದು. ಮುಕ್ತ ಸಭೆಗೆ ಕುಟುಂಬದವರು, ಗೆಳೆಯರು, ವಿದ್ಯಾರ್ಥಿಗಳು, ಸಮಾಜಕಾರ್ಯಕರ್ತರು, ಕುತೂಹಲಿಗಳು ಯಾರೂ ಬಂದು ಕುಳಿತು ಕೇಳಬಹುದು. ಮುಚ್ಚಿದ ಸಭೆ ಕುಡಿತದ ಸಮಸ್ಯೆಯುಳ್ಳವರಿಗೆ, ಅಥವಾ ತನಗೆ ಅಂಥ ಸಮಸ್ಯೆ ಇದೆಯೇನೋ ಎಂದು ಅನುಮಾನಿಸುತ್ತಿರುವವರಿಗೆ ಮಾತ್ರ. ತಾನು ಮದ್ಯವ್ಯಸನಿಯೋ ಅಲ್ಲವೋ ಎಂದು ಮೊದಲೇ ತೀರ್ಮಾನಿಸಿಕೊಂಡು ಬರಬೇಕಾಗಿಲ್ಲ. ಅದನ್ನು ನಿರ್ಧರಿಸುವ ಅಧಿಕಾರ ಸಭೆಗೂ ಇಲ್ಲ.

ಇವುಗಳೊಳಗೆ ಒಬ್ಬಿಬ್ಬರು ತಮ್ಮ ಕಥೆಯನ್ನು ದೀರ್ಘವಾಗಿ ಹೇಳುವ ಸಭೆಗಳು, ಒಂದು ವಿಷಯವನ್ನಿಟ್ಟು ಎಲ್ಲರೂ ಮಾತನಾಡುವ ಸಭೆಗಳು, ಹನ್ನೆರಡು ಹೆಜ್ಜೆಗಳಲ್ಲಿ ಒಂದನ್ನು ಓದಿ ಚರ್ಚಿಸುವ ಸಭೆಗಳು, ಹೊಸಬರಿಗಾಗಿಯೇ ಇರುವ ಸಭೆಗಳು, ಮಹಿಳೆಯರ ಸಭೆಗಳು ಇವೆ.

ಸಭೆಯ ನಡಾವಳಿ

ಪ್ರತಿ ಗುಂಪೂ ಸ್ವತಂತ್ರವಾದುದರಿಂದ ವಿವರಗಳು ಊರಿಂದೂರಿಗೆ ಬದಲಾಗುತ್ತವೆ. ಚೌಕಟ್ಟು ಮಾತ್ರ ಬಹುಮಟ್ಟಿಗೆ ಒಂದೇ. ಸಭೆಯನ್ನು ನಡೆಸಿಕೊಡುವವರು ಸದಸ್ಯರಲ್ಲೊಬ್ಬರು. ಆ ಹೊಣೆ ಸರದಿಯ ಮೇಲೆ ಬದಲಾಗುತ್ತಿರುತ್ತದೆ. ಕ್ಷಣಕಾಲದ ಮೌನ, ಎ.ಎ. ಎಂದರೇನೆಂದು ತಿಳಿಸುವ ಒಂದು ಚಿಕ್ಕ ಪೀಠಿಕೆಯ ವಾಚನ, ಕೆಲವೆಡೆ ಹನ್ನೆರಡು ಹೆಜ್ಜೆಗಳ ವಾಚನ, ಇವುಗಳೊಂದಿಗೆ ಸಭೆ ತೊಡಗುತ್ತದೆ. ಅಮೆರಿಕದ ಧರ್ಮಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್ ಅವರದೆಂದು ಹೇಳಲಾಗುವ, ಬದಲಿಸಲಾಗದ್ದನ್ನು ಒಪ್ಪುವ ಶಾಂತಿಯನ್ನೂ ಬದಲಿಸಬಲ್ಲುದನ್ನು ಬದಲಿಸುವ ಧೈರ್ಯವನ್ನೂ ಬೇಡುವ ಚಿಕ್ಕ ಪ್ರಾರ್ಥನೆಯನ್ನು ಆರಂಭದಲ್ಲೋ ಕೊನೆಯಲ್ಲೋ ಹೇಳುವುದು ವಾಡಿಕೆ. ಹೇಳಲು ಇಷ್ಟವಿಲ್ಲದವರು ಸುಮ್ಮನೆ ನಿಲ್ಲಬಹುದು.

ಬಳಿಕ ಸದಸ್ಯರು ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ, ತಾವು ಮದ್ಯವ್ಯಸನಿಯೆಂದು ಪರಿಚಯಿಸಿಕೊಂಡು ಮಾತನಾಡುತ್ತಾರೆ. ಮನೆತನದ ಹೆಸರು, ಉದ್ಯೋಗ, ಜಾತಿ, ಬಡಾವಣೆ ಯಾವುದನ್ನೂ ಹೇಳಬೇಕಾಗಿಲ್ಲ. ಹೊಸಬರು ಬಂದಿದ್ದಾರೆಯೇ ಎಂದು ಕೇಳಿದಾಗ ಕೈಯೆತ್ತುವುದು, ಬಿಡುವುದು ಅವರವರ ಇಚ್ಛೆ. ಕೇಳಲು ಬಂದಿದ್ದೇನೆ ಎಂದಷ್ಟೇ ಹೇಳಿ ಕೂತರೂ ಯಾರೂ ಒತ್ತಾಯಿಸುವುದಿಲ್ಲ. ಮೊದಲ ಹಲವು ಸಭೆಗಳಲ್ಲಿ ತುಟಿ ಬಿಚ್ಚದೆ ಹಿಂದಿನ ಸಾಲಿನಲ್ಲಿ ಕೂತವರು ಮುಂದೆ ಸಭೆ ನಡೆಸಿಕೊಡುವುದು ಹೊಸತೇನಲ್ಲ.

ಮಾತಿನ ನಡುವೆ ಬಾಯಿಹಾಕುವುದು, ಪ್ರಶ್ನಿಸುವುದು, ಸಲಹೆ ಕೊಡುವುದು ಇಲ್ಲಿ ವರ್ಜ್ಯ. ಒಬ್ಬರು ತಮ್ಮ ಮಗಳ ಮದುವೆಯ ದಿನ ಕುಡಿದು ಬಿದ್ದುದನ್ನು ಹೇಳಿದರೆ ಯಾರೂ ಅಯ್ಯೋ ಎನ್ನುವುದಿಲ್ಲ, ಹಾಗೆ ಮಾಡಬಾರದಿತ್ತು ಎನ್ನುವುದಿಲ್ಲ. ಮುಂದಿನವರು ತಮ್ಮ ಕಥೆ ಹೇಳುತ್ತಾರೆ. ಮೊದಲ ಬಾರಿ ನೋಡುವವರಿಗೆ ಇದು ತಣ್ಣಗಿನ ನಡವಳಿಕೆಯಾಗಿ ತೋರಬಹುದು. ಆದರೆ ಮನೆಯಲ್ಲೂ ಊರಲ್ಲೂ ವರ್ಷಗಟ್ಟಲೆ ಬೈಗುಳ, ಬುದ್ಧಿವಾದ, ಆಣೆಪ್ರಮಾಣಗಳನ್ನೇ ಕೇಳಿದವರಿಗೆ ತೀರ್ಪಿಲ್ಲದ ಕಿವಿ ದೊರೆಯುವುದು ಬಹುಶಃ ಇಲ್ಲಿ ಮಾತ್ರ. ಇತರರ ಕಥೆಯೊಡನೆ ತನ್ನ ಕುಡಿತವನ್ನು ಹೋಲಿಸಿ, ತಾನು ಅಷ್ಟು ಕೆಟ್ಟಿಲ್ಲವಲ್ಲ ಎಂದು ಸಮಾಧಾನಗೊಂಡು ಎದ್ದುಹೋಗುವುದು ಹೊಸಬರಲ್ಲಿ ಸಾಮಾನ್ಯ. ವ್ಯತ್ಯಾಸಗಳನ್ನು ಬಿಟ್ಟು ಹೋಲಿಕೆಗಳನ್ನು ಗಮನಿಸಿ ಎಂದು ಹಳಬರು ಹೇಳುವುದು ಇದಕ್ಕಾಗಿಯೇ.

ನಡುವೆ ಒಂದು ಚೀಲವೋ ಬುಟ್ಟಿಯೋ ಸುತ್ತಿಬರುತ್ತದೆ. ಬಾಡಿಗೆ, ಚಹಾ, ಪುಸ್ತಕಗಳ ಖರ್ಚಿಗೆ ಸದಸ್ಯರು ತಮಗೆ ತೋಚಿದಷ್ಟು ಹಾಕುತ್ತಾರೆ. ಮೊದಲ ಬಾರಿ ಬಂದವರು ಹಾಕಬೇಕಿಲ್ಲ. ಹೊರಗಿನವರಿಂದ ದೇಣಿಗೆ ಪಡೆಯಬಾರದೆಂಬುದು ಎ.ಎ.ಯ ಏಳನೆಯ ಸಂಪ್ರದಾಯ. ಹಣ ಕೊಟ್ಟವರು ಗುಂಪನ್ನು ಆಳಬಾರದೆಂಬುದು ಅದರ ಉದ್ದೇಶ. ತಿಂಗಳು, ಮೂರು ತಿಂಗಳು, ವರ್ಷ ಹೀಗೆ ಕುಡಿಯದೆ ಕಳೆದ ಅವಧಿಯನ್ನು ಗುರುತಿಸಿ ನಾಣ್ಯದಂಥ ಪದಕ ನೀಡುವ ಪದ್ಧತಿ ಹಲವು ಗುಂಪುಗಳಲ್ಲಿದೆ. ನಡುವೆ ಮತ್ತೆ ಕುಡಿದವರು ಮರಳಿ ಬಂದರೆ ಅವರನ್ನು ಹೊರಹಾಕುವುದಿಲ್ಲ. ದಿನಗಳ ಎಣಿಕೆ ಒಂದರಿಂದ ಪುನಃ ಆರಂಭವಾಗುತ್ತದೆ, ಅಷ್ಟೆ. ಆ ದಿನ ಕುಡಿದಿರುವವರೂ ಗದ್ದಲವೆಬ್ಬಿಸದೆ ಕುಳಿತು ಕೇಳಬಹುದು, ಮಾತನಾಡುವಂತಿಲ್ಲ ಎಂಬುದು ಹಲವು ಗುಂಪುಗಳ ವಾಡಿಕೆ.

ಸಭೆ ಮುಗಿದ ಮೇಲಿನ ಹತ್ತು ನಿಮಿಷ, ಚಹಾ ಕುಡಿಯುತ್ತ ನಿಂತು ಮಾತನಾಡುವ ಹೊತ್ತು, ಸಭೆಯಷ್ಟೇ ಮುಖ್ಯ. ದೂರವಾಣಿ ಸಂಖ್ಯೆಗಳ ವಿನಿಮಯ ನಡೆಯುವುದು ಆಗಲೇ. ಕುಡಿಯಬೇಕೆಂಬ ಸೆಳೆತ ಬಂದಾಗ, ಕುಡಿದ ನಂತರವಲ್ಲ, ಕುಡಿಯುವ ಮೊದಲು ಕರೆಮಾಡಿ ಎಂದು ಆ ಸಂಖ್ಯೆ ಕೊಡುತ್ತಾರೆ. ಮೊದಲ ತೊಂಬತ್ತು ದಿನಗಳಲ್ಲಿ ತೊಂಬತ್ತು ಸಭೆಗೆ ಹೋಗಬೇಕೆಂಬ ಮಾತು ಅಮೆರಿಕದಲ್ಲಿ ಬಳಕೆಯಲ್ಲಿದೆ. ವಾರಕ್ಕೊಂದೇ ಸಭೆ ನಡೆಯುವ ಊರುಗಳಲ್ಲಿ ಇದು ಸಾಧ್ಯವಾಗದ ಮಾತು. ಅಲ್ಲಿ ಫೋನ್ ಕರೆ ಮತ್ತು ಆನ್‌ಲೈನ್ ಸಭೆ ಆ ಅಂತರವನ್ನು ತುಂಬುತ್ತವೆ. ಒಂದು ಗುಂಪು ಹಿಡಿಸದಿದ್ದರೆ ಎ.ಎ. ತನಗಲ್ಲವೆಂದು ತೀರ್ಮಾನಿಸುವ ಮೊದಲು ಬೇರೆ ಎರಡು ಮೂರು ಗುಂಪುಗಳನ್ನು ನೋಡುವುದು ವಿವೇಕ. ಒಂದೇ ಊರಿನ ಎರಡು ಗುಂಪುಗಳ ನಡುವೆಯೂ ಅಜಗಜಾಂತರವಿರಬಹುದು.

ಅನಾಮಿಕತೆ ಮತ್ತು ಅದರ ಮಿತಿ

ಸಭೆಯಲ್ಲಿ ಯಾರನ್ನು ಕಂಡೆ, ಏನು ಕೇಳಿದೆ ಎಂಬುದನ್ನು ಹೊರಗೆ ಹೇಳಬಾರದು. ಪತ್ರಿಕೆ, ಟಿ.ವಿ., ಚಲನಚಿತ್ರಗಳಲ್ಲಿ ಸದಸ್ಯರು ತಮ್ಮ ಪೂರ್ಣ ಹೆಸರು ಮತ್ತು ಚಿತ್ರದೊಂದಿಗೆ ಎ.ಎ. ಸದಸ್ಯರೆಂದು ಕಾಣಿಸಿಕೊಳ್ಳುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ತಾಲ್ಲೂಕು ಕೇಂದ್ರದಲ್ಲಿ ಇಂಥ ಗುಟ್ಟು ಎಷ್ಟು ಕಾಲ ಉಳಿದೀತು ಎಂಬ ಸಂದೇಹ ಸಹಜವೇ. ಸಭೆಯಲ್ಲಿ ಪರಿಚಿತ ಮುಖವೊಂದು ಎದುರಾದರೆ ಆ ವ್ಯಕ್ತಿಯೂ ಅದೇ ಕಾರಣಕ್ಕೆ ಬಂದಿರುತ್ತಾರೆ ಎಂಬುದೇ ಇದಕ್ಕೆ ಸದಸ್ಯರು ಕೊಡುವ ಉತ್ತರ. ಅಳುಕು ಹೋಗದವರು ಪಕ್ಕದ ಊರಿನ ಸಭೆಗೆ ಹೋಗುವುದುಂಟು.

ಅನಾಮಿಕತೆ ನಂಬಿಕೆಯ ಮೇಲೆ ನಿಂತ ವಾಡಿಕೆಯೇ ಹೊರತು ಕಾನೂನಿನ ರಕ್ಷಣೆಯಲ್ಲ. ನ್ಯೂಯಾರ್ಕ್ ರಾಜ್ಯದ ಕೊಲೆ ಪ್ರಕರಣವೊಂದರಲ್ಲಿ ಆರೋಪಿ ಸಹಸದಸ್ಯರೊಡನೆ ಆಡಿದ ಮಾತುಗಳು ಸಾಕ್ಷ್ಯವಾಗಿ ಬಂದವು. ಪಾದ್ರಿಯೆದುರಿನ ತಪ್ಪೊಪ್ಪಿಗೆಯಂತೆ ಆ ಮಾತುಗಳಿಗೂ ರಕ್ಷಣೆ ಇರಬೇಕೆಂದು 2001ರಲ್ಲಿ ಕೆಳಗಿನ ಫೆಡರಲ್ ನ್ಯಾಯಾಲಯ ಹೇಳಿತಾದರೂ, ಮರುವರ್ಷ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿತು. ಗಂಭೀರ ಕಾನೂನು ತೊಡಕಿನ ಸಂಗತಿಗಳನ್ನು ಸಭೆಯ ನಡುವೆ ಹೇಳುವುದಕ್ಕಿಂತ ವಕೀಲರೊಡನೆ ಮಾತನಾಡುವುದು ಮೇಲು.

ಹನ್ನೆರಡು ಹೆಜ್ಜೆಗಳು ಮತ್ತು ಸ್ಪಾನ್ಸರ್

ಮದ್ಯದ ಮುಂದೆ ತನ್ನ ಶಕ್ತಿ ನಡೆಯದೆಂದು ಒಪ್ಪಿಕೊಳ್ಳುವುದರಿಂದ ಹೆಜ್ಜೆಗಳು ಆರಂಭವಾಗುತ್ತವೆ. ತನಗಿಂತ ಮಿಗಿಲಾದ ಶಕ್ತಿಯೊಂದರಲ್ಲಿ ಭರವಸೆಯಿಡುವುದು, ತನ್ನ ನಡೆನುಡಿಗಳ ಲೆಕ್ಕ ಬರೆದು ಇನ್ನೊಬ್ಬರೆದುರು ಒಪ್ಪಿಕೊಳ್ಳುವುದು, ನೋಯಿಸಿದವರ ಪಟ್ಟಿ ಮಾಡಿ ಸಾಧ್ಯವಾದಲ್ಲೆಲ್ಲ ಸರಿಪಡಿಸುವುದು, ಕೊನೆಗೆ ಇತರ ವ್ಯಸನಿಗಳಿಗೆ ನೆರವಾಗುವುದು ಇದರ ಹಾದಿ. ದೇವರೆಂಬ ಮಾತು ಬರುವಲ್ಲೆಲ್ಲ ಅದನ್ನು ಅವರವರು ಅರಿತಂತೆ ಗ್ರಹಿಸಲು ಅವಕಾಶವಿದೆ. ಹಲವರು ಗುಂಪನ್ನೇ ತಮಗಿಂತ ಮಿಗಿಲಾದ ಶಕ್ತಿಯೆಂದು ಭಾವಿಸುತ್ತಾರೆ.

ಈ ಹೆಜ್ಜೆಗಳಲ್ಲಿ ಜೊತೆಯಾಗುವ ಅನುಭವಿ ಸದಸ್ಯರನ್ನು ಸ್ಪಾನ್ಸರ್ ಎನ್ನುತ್ತಾರೆ. ಹಣಕಾಸಿನ ಪ್ರಾಯೋಜಕರೆಂಬ ಅರ್ಥ ಇಲ್ಲಿಲ್ಲ. ಸ್ಪಾನ್ಸರ್ ವೈದ್ಯರೂ ಅಲ್ಲ, ಗುರುವೂ ಅಲ್ಲ. ಮಾನಸಿಕ ಕಾಯಿಲೆಗೆ ವೈದ್ಯರು ಬರೆದುಕೊಟ್ಟ ಔಷಧ ನಿಲ್ಲಿಸುವಂತೆ ಯಾರಾದರೂ ಹೇಳಿದರೆ ಆ ಮಾತನ್ನು ಕೇಳಬಾರದು. ಸದಸ್ಯರು ವೈದ್ಯರ ಪಾತ್ರ ವಹಿಸಬಾರದೆಂಬುದು ಎ.ಎ.ಯದೇ ಪ್ರಕಟಿತ ನಿಲುವು. ಪುರುಷರಿಗೆ ಪುರುಷರು, ಮಹಿಳೆಯರಿಗೆ ಮಹಿಳೆಯರು ಸ್ಪಾನ್ಸರ್ ಆಗುವುದು ರೂಢಿ. ಹೊಸ ಸದಸ್ಯೆಯರ ನಿಸ್ಸಹಾಯಕತೆಯನ್ನು ಹಳೆಯ ಸದಸ್ಯರು ದುರುಪಯೋಗಪಡಿಸಿಕೊಂಡ ಪ್ರಸಂಗಗಳು ಒಕ್ಕೂಟದೊಳಗೇ ಟೀಕೆಗೆ ಗುರಿಯಾಗಿವೆ. ಹೊಸಬರು ಈ ರೂಢಿಯನ್ನು ಪಟ್ಟುಹಿಡಿದು ಪಾಲಿಸುವುದು ಒಳಿತು.

ಕುಟುಂಬದವರ ಸಭೆಗಳು

ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ ವಿಲ್ಸನ್ ಮತ್ತು ಸಂಗಡಿಗರು 1951ರಲ್ಲಿ ಆರಂಭಿಸಿದ ಅಲ್-ಅನಾನ್ ಮದ್ಯವ್ಯಸನಿಗಳ ಬಂಧುಮಿತ್ರರ ಒಕ್ಕೂಟ. ಹದಿಹರೆಯದ ಮಕ್ಕಳಿಗಾಗಿ ಅಲಟೀನ್ 1957ರಲ್ಲಿ ಹುಟ್ಟಿತು. ಕುಡಿತಕ್ಕೆ ತಾವು ಕಾರಣರಲ್ಲ, ಅದನ್ನು ತಾವು ಹತೋಟಿಯಲ್ಲಿಡಲಾರೆವು, ಗುಣಪಡಿಸಲೂ ಆರೆವು ಎಂಬ ಅರಿವು ಇಲ್ಲಿನ ಮಾತುಕತೆಯ ತಳಹದಿ. ಬಾಟಲಿ ಬಚ್ಚಿಡುವ, ಸಾಲ ತೀರಿಸುವ, ಕಚೇರಿಗೆ ಜ್ವರವೆಂದು ಸುಳ್ಳು ಹೇಳಿ ಕರೆಮಾಡುವ ಹೆಂಡತಿಗೆ, ಮುಖ್ಯವಾಗಿ ನಮ್ಮ ಸಮಾಜದಲ್ಲಿ ಗಂಡನ ಕುಡಿತದ ಅಪವಾದವನ್ನೂ ಹೊರುವವಳಿಗೆ, ಈ ಮಾತು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ಕುಡಿಯುವವರು ಸಭೆಗೆ ಹೋಗಲು ಒಪ್ಪದಿದ್ದರೂ ಕುಟುಂಬದವರು ಇಲ್ಲಿಗೆ ಬರಬಹುದು. ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿದ್ದರೆ ಸಭೆ ಅದಕ್ಕೆ ಪರಿಹಾರವಲ್ಲ. ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಂಖ್ಯೆ 112ನ್ನು ಸಂಪರ್ಕಿಸಬೇಕು.

ಭಾರತ ಮತ್ತು ಕರ್ನಾಟಕದಲ್ಲಿ

ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಭಾರತೀಯರು ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 2.9 ಕೋಟಿ ಜನ ಅವಲಂಬನೆಯ ಹಂತ ತಲುಪಿದವರು. ಅಂಥ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಆಸ್ಪತ್ರೆಗೆ ಒಳರೋಗಿಯಾಗಿ ದಾಖಲಾದವರು 180ರಲ್ಲಿ ಒಬ್ಬರು. ಉಚಿತವಾಗಿ, ಆಸ್ಪತ್ರೆಯ ಹಂಗಿಲ್ಲದೆ ನಡೆಯುವ ಸಭೆಗಳ ಮಹತ್ವ ಈ ಅಂಕಿಗಳ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಪುರುಷರಲ್ಲಿ ಶೇ. 27.3, ಮಹಿಳೆಯರಲ್ಲಿ ಶೇ. 1.6 ಮಂದಿ ಮದ್ಯ ಸೇವಿಸುವುದಾಗಿ ಅದೇ ಸಮೀಕ್ಷೆ ಹೇಳುತ್ತದೆ. ಕುಡಿಯುವ ಹೆಣ್ಣು ಎಂಬ ಕಳಂಕಕ್ಕೆ ಅಂಜಿ ಮುಚ್ಚಿಡುವ ಮಹಿಳೆಯರಿಗೆ ಗಂಡಸರೇ ತುಂಬಿದ ಕೊಠಡಿಯೊಳಗೆ ಕಾಲಿಡುವುದು ಇನ್ನೂ ಕಠಿಣ. ಮಹಿಳೆಯರ ಸಭೆ ಅಥವಾ ಆನ್‌ಲೈನ್ ಸಭೆಯಿಂದ ಆರಂಭಿಸುವುದು ಅವರಿಗೆ ಒಂದು ದಾರಿ.

ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಭಾಷೆಗಳಲ್ಲಿ ಎ.ಎ. ಸಭೆಗಳು ನಡೆಯುತ್ತವೆ. ನಗರದ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರವು ಔಷಧೋಪಚಾರ ಮತ್ತು ಆಪ್ತಸಮಾಲೋಚನೆ ನೀಡುತ್ತದೆ.

ಕರ್ನಾಟಕದ ಗ್ರಾಮೀಣ ಭಾಗಗಳಲ್ಲಿ ಎ.ಎ.ಗಿಂತ ಹೆಚ್ಚು ಪರಿಚಿತವಾದುದು ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ನಡೆಯುವ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಊರಿನ ಸಭಾಭವನದಲ್ಲಿ ಸುಮಾರು ಒಂದು ವಾರ ನಡೆಯುವ ಈ ಶಿಬಿರವನ್ನು ಊರಿನವರೇ ಸಮಿತಿ ರಚಿಸಿಕೊಂಡು ಏರ್ಪಡಿಸುತ್ತಾರೆ. ಪಾನಮುಕ್ತರಾದವರು ಬಳಿಕ ನವಜೀವನ ಸಮಿತಿ ಎಂಬ ಗುಂಪುಗಳಲ್ಲಿ ಸೇರುತ್ತಿರುತ್ತಾರೆ. ಸಮಾನ ಅನುಭವದವರು ಪರಸ್ಪರ ಆಸರೆಯಾಗುವುದೆಂಬ ಮೂಲತತ್ತ್ವ ಎರಡರಲ್ಲೂ ಒಂದೇ. ಮಾರ್ಗ ಮಾತ್ರ ಹೆಚ್ಚುಕಡಿಮೆ ತದ್ವಿರುದ್ಧ. ಎ.ಎ. ಹೆಸರನ್ನು ಮರೆಮಾಡಿ ಕಾಪಾಡುತ್ತದೆ. ಶಿಬಿರವು ಮನೆಯವರ, ಊರವರ ಎದುರಿಗೆ ಹೊಸ ಬದುಕನ್ನು ಸಾರಿ, ಆ ಸಾಕ್ಷಿಯ ಬಲದಿಂದ ಕಾಪಾಡುತ್ತದೆ. ಊರಿಗೆಲ್ಲ ಗೊತ್ತಿರುವ ಕುಡಿತಕ್ಕೆ ಎರಡನೆಯದು ಒಗ್ಗಬಹುದು, ಮನೆಯೊಳಗೇ ಮುಚ್ಚಿಟ್ಟ ಕುಡಿತಕ್ಕೆ ಮೊದಲನೆಯದು.

ಪರಿಣಾಮ ಮತ್ತು ಟೀಕೆ

ಹಾಜರಿಯನ್ನೇ ಬರೆದಿಡದ ಗುಂಪನ್ನು ಅಧ್ಯಯನ ಮಾಡುವುದು ಸುಲಭವಲ್ಲ. ಸಭೆಗೆ ನಿಷ್ಠೆಯಿಂದ ಬರುವವರು ಮೊದಲೇ ಬಿಡುವ ಮನಸ್ಸುಳ್ಳವರು, ಆದ್ದರಿಂದ ಯಶಸ್ಸು ಸಭೆಯದಲ್ಲ ಎಂಬ ವಾದ ಬಹುಕಾಲದಿಂದ ಇದೆ. 2006ರ ಕಾಕ್ರನ್ ವಿಮರ್ಶೆಗೆ ಸ್ಪಷ್ಟ ಪುರಾವೆ ದೊರೆತಿರಲಿಲ್ಲ. 27 ಅಧ್ಯಯನಗಳ 10,565 ಜನರ ಮಾಹಿತಿಯನ್ನು ಪರಿಶೀಲಿಸಿದ 2020ರ ಕಾಕ್ರನ್ ವಿಮರ್ಶೆ ಬೇರೆಯೇ ಚಿತ್ರ ನೀಡಿತು. ರೋಗಿಗಳನ್ನು ವ್ಯವಸ್ಥಿತವಾಗಿ ಎ.ಎ.ಗೆ ಜೋಡಿಸುವ ಚಿಕಿತ್ಸೆಯು ನಿರಂತರ ಮದ್ಯವರ್ಜನೆಯ ವಿಷಯದಲ್ಲಿ ಮಾನ್ಯವಾದ ಇತರ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಫಲಕಾರಿ, ಕುಡಿತದ ತೀವ್ರತೆಯಂಥ ಇತರ ಅಳತೆಗಳಲ್ಲಿ ಅವುಗಳಿಗೆ ಸಮನಾದುದು ಎಂದು ಅದು ಕಂಡುಕೊಂಡಿತು. ಆ ಫಲ ಚಿಕಿತ್ಸಕರು ಕೈಹಿಡಿದು ಸಭೆಗೆ ದಾಟಿಸಿದವರದು ಎಂಬುದನ್ನು ಗಮನಿಸಬೇಕು. ವಿಳಾಸದ ಚೀಟಿ ಕೊಟ್ಟು ಕಳಿಸಿಬಿಡುವುದು ಅದಕ್ಕೆ ಸಮನಲ್ಲ.

ಧಾರ್ಮಿಕ ಛಾಯೆ ಇನ್ನೊಂದು ಆಕ್ಷೇಪ. ಅಮೆರಿಕದಲ್ಲಿ ಕೈದಿಗಳನ್ನು ಹನ್ನೆರಡು ಹೆಜ್ಜೆಗಳ ಸಭೆಗೆ ಬಲವಂತವಾಗಿ ಕಳಿಸುವುದು ಸಂವಿಧಾನಕ್ಕೆ ವಿರುದ್ಧವೆಂದು 1996ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು ತೀರ್ಪಿತ್ತಿತು. ತನ್ನನ್ನು ಶಕ್ತಿಹೀನನೆಂದು ಒಪ್ಪಿಕೊಳ್ಳುವ ಮೊದಲ ಹೆಜ್ಜೆ ಹೆಂಗಸರಿಗೆ ಹೊಂದುವುದಿಲ್ಲ, ಅವರಿಗೆ ಬೇಕಾದುದು ಆತ್ಮಗೌರವ ಎಂಬ ನಿಲುವಿನಿಂದ ಜೀನ್ ಕರ್ಕ್‌ಪ್ಯಾಟ್ರಿಕ್ 1970ರ ದಶಕದಲ್ಲಿ ವಿಮೆನ್ ಫಾರ್ ಸೊಬ್ರೈಟಿ ಸಂಸ್ಥೆಯನ್ನು ಆರಂಭಿಸಿದರು. 1994ರಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿ ದೈವದ ಪ್ರಸ್ತಾಪವಿಲ್ಲದೆ, ಅರಿವಿನ ವರ್ತನಾ ಚಿಕಿತ್ಸೆಯ ತಂತ್ರಗಳನ್ನು ಗುಂಪಿನಲ್ಲಿ ಅಭ್ಯಾಸ ಮಾಡಿಸುತ್ತದೆ. ಅಲ್ಲಿ ಸಭೆ ನಡೆಸುವವರು ತರಬೇತಿ ಪಡೆದಿರುತ್ತಾರೆ, ಸದಸ್ಯರು ಪರಸ್ಪರ ಪ್ರಶ್ನಿಸಬಹುದು, ಮದ್ಯವ್ಯಸನಿ ಎಂಬ ಹಣೆಪಟ್ಟಿ ಹಚ್ಚಿಕೊಳ್ಳಬೇಕಾಗಿಲ್ಲ. ಅದರ ಆನ್‌ಲೈನ್ ಸಭೆಗಳಲ್ಲಿ ಬೇರೆ ದೇಶದವರೂ ಭಾಗವಹಿಸಬಹುದು.